ಬಸುರಿ ಚಿಪ್ಪು

"ಏಯ್, ಚಿಪ್ಪು ತಿನ್ನೋ ಮುಂಡೆ, ದೂರ ನಿಂತ್ಕಂಡು ಮಾತಾಡು. ಬಾಯಿ ತೆಗೆದ್ರೆ ಹೊಳೆ ಕೆಸರು ಗಬ್ಬು ನಾರುತ್ತೆ."

ಶಶಧರ ಪಾಂಜಾ ಪಂಚೆಯ ತುದಿಯಿಂದ ಮೂಗು ಮುಚ್ಚಿಕೊಂಡ. ಅಜಯ ನದಿಯ ಈ ದಡದ ಮರಳಿನ ಗುತ್ತಿಗೆದಾರ. ಖೆಂತಿ ಬಾಗ್ದಿ ಎರಡು ಹೆಜ್ಜೆ ಹಿಂದೆ ಸರಿದಳು. ಮೈನೆರೆಯುವ ಮೊದಲಿನಿಂದ ಈ ಹೊಳೆಯ ತಳವನ್ನು ಕಾಲಿನಲ್ಲಿ ತಡವಿ ಕಪ್ಪೆಚಿಪ್ಪು ಹೆಕ್ಕಿದವಳು ಅವಳು. ಅದರ ಮಾಂಸವೇ ಅವಳ ಮನೆಯ ಸಾರು.

"ಕಲ್ಕತ್ತೆಯಿಂದ ಓದಿದ ಅಕ್ಕೋರು, ದಿದಿಮಣಿ ಬಂದವ್ಳೆ. ಎಂತೆಂಥ ಚಿಪ್ಪು ಎಲ್ಲೆಲ್ಲಿ ಬದುಕೈತೆ ಅಂತ ಪಟ್ಟಿ ಮಾಡ್ತಾಳಂತೆ. ಜೀವ ಇರೋದು ಸಿಕ್ತೋ, ನನ್ನ ಮರಳೆತ್ತೋ ಮಿಷನ್ನು ನಿಂತೋಯ್ತದೆ. ಮೇಲ್ಗಡೆ ಬರೀ ಮರಳಿರೋ ಕಡೆ ಕರ್ಕೊಂಡೋಗಿ ಸತ್ತಿರೋದನ್ನ ಎತ್ತಿಕೊಡು. ಜೀವ ಇರೋದೆಲ್ಲ ಹೊಳೆ ತಿರುವಲ್ಲೈತೆ, ಆ ಕಡೆ ಮೂತಿ ತಿರುಗಿಸಿದ್ರೆ ನಿನ್ನ ಗುಡ್ಲು ಇರಾಕಿಲ್ಲ."

"ಆಯ್ತು ಬಾಬು."

ದಿದಿಮಣಿ ತೊಡೆಮಟ್ಟದ ರಬ್ಬರು ಬೂಟು ಹಾಕಿಕೊಂಡು ನೀರಿಗಿಳಿದಳು. ಹೆಸರು ಅನುಶ್ರೀ. ಕೊರಳಲ್ಲಿ ಪುಸ್ತಕ, ಸೊಂಟದಲ್ಲಿ ನಂಬರು ಬರೆದ ಬಟ್ಟೆ ಚೀಲಗಳು. ಎಷ್ಟು ಬಗೆಯ ಚಿಪ್ಪೋ ಅಷ್ಟು ಚೀಲ. ಬೂಟು ಹಾಕಿಕೊಂಡವಳಿಗೆ ಚಿಪ್ಪು ಹೇಗೆ ಗೊತ್ತಾಗಬೇಕು ಎಂದುಕೊಂಡಳು ಖೆಂತಿ. ನಗುನಗುತ್ತಾ ಮಾತಾಡುವ ಹೆಂಗಸನ್ನು ಅವಳು ನಂಬುವವಳಲ್ಲ. ಪಾಂಜಾ ಬೈಯುತ್ತಾನೆ, ಅವನಿಗೆ ಏನು ಬೇಕೆಂದು ಗೊತ್ತು. ಇವಳಿಗೆ ಏನು ಬೇಕೋ ಯಾರಿಗೆ ಗೊತ್ತು?

ಬಿಸಿಲೇರುವವರೆಗೂ ಖೆಂತಿ ಸತ್ತ ಚಿಪ್ಪುಗಳನ್ನೇ ಎತ್ತಿಕೊಟ್ಟಳು. ದಿದಿಮಣಿ ಬರೆದುಕೊಂಡಳು.

ಆಗ ಖೆಂತಿಯ ಕಾಲಿನ ಹೆಬ್ಬೆರಳಿಗೆ ಒಂಟಿ ಚಿಪ್ಪೊಂದು ತಾಗಿತು. ಜೀವವಿತ್ತು. ಕೈ ತನ್ನಷ್ಟಕ್ಕೆ ಕೆಳಗಿಳಿದು ಅದನ್ನು ಎತ್ತಿತು. ತುರುಬಿನಲ್ಲಿ ಸಿಕ್ಕಿಸಿದ್ದ ಬಿದಿರಿನ ಚಕ್ಕೆ ಎಳೆದು ಕೂದಲೆಳೆಯಷ್ಟು ಬಾಯಿ ಬಿಡಿಸಿತು. ಒಳಗೆ ಕಿವಿರು ದಪ್ಪಗೆ ಊದಿಕೊಂಡಿತ್ತು, ಮರಿ ತುಂಬಿತ್ತು.

"ಬಸುರಿ" ಎಂದು ಗೊಣಗಿ ಖೆಂತಿ ಅದನ್ನು ಮೆಲ್ಲಗೆ ಮತ್ತೆ ಮರಳಿಗೆ ಒತ್ತಿದಳು. ಅವಳ ಅವ್ವ ಮಾಡುತ್ತಿದ್ದುದು, ಬಾಗ್ದಿ ಜಾತಿಯ ಹೆಂಗಸರೆಲ್ಲ ಮಾಡುವುದು. ಒತ್ತಿದ ಮೇಲೆ ತಲೆಯೆತ್ತಿದಳು.

ದಿದಿಮಣಿ ನೋಡಿಬಿಟ್ಟಿದ್ದಳು, ಗೊಣಗಿದ್ದನ್ನೂ ಕೇಳಿಸಿಕೊಂಡಿದ್ದಳು.

"ಏನದು? ಯಾಕೆ ವಾಪಸ್ ಇಟ್ಟೆ?"

"ಏನಿಲ್ಲ, ಕಲ್ಲು."

"ಕಲ್ಲು ಬಸುರಿ ಆಗುತ್ತಾ ಖೆಂತಿ ಚಿಕ್ಕಮ್ಮ? ಉಳಿದವು ಎಲ್ಲಿವೆ ಹೇಳು. ಮರಳು ತೆಗೆಯೋದನ್ನ ನಿಲ್ಲಿಸ್ತೀನಿ."

"ನಾವು ತೆಗೆಯೋದನ್ನ?"

ದಿದಿಮಣಿ ಪುಸ್ತಕದ ಹಾಳೆ ತಿರುವಿದಳು. "ಅದೂ... ಸ್ವಲ್ಪ ವರ್ಷ ನಿಲ್ಲಬೇಕಾಗುತ್ತೆ. ರಕ್ಷಣೆ ಅಂದ ಮೇಲೆ ಎಲ್ಲರಿಗೂ ಒಂದೇ ಕಾನೂನು."

"ಎಲ್ಲರೂ ಚಿಪ್ಪು ತಿಂತಾರಾ?"

ಖೆಂತಿಗೆ ಸಿಟ್ಟು ನೆತ್ತಿಗೇರಿತು. ಒಬ್ಬ ಹೊಳೆಯನ್ನೇ ಹೊತ್ತುಕೊಂಡು ಹೋಗುತ್ತಾನೆ, ಇನ್ನೊಬ್ಬಳು ಹೊಳೆಗೆ ಬೀಗ ಹಾಕುತ್ತಾಳೆ. ಬಸುರಿಯನ್ನು ಬಿಟ್ಟು ಬಂದವರು ಮಾತ್ರ ದಡದಲ್ಲಿ ಬಾಯಿ ಒಣಗಿಸಿಕೊಂಡು ಕೂರಬೇಕು.

ದಡದಲ್ಲಿ ಪಾಂಜಾ, ತಪಾಸಣೆಗೆ ಬಂದಿದ್ದ ಸರಕಾರಿ ಸಾಹೇಬನಿಗೆ ಎಳನೀರು ಕೊಡಿಸಿ ಕಾಗದ ಬರೆಸಿಟ್ಟಿದ್ದ.

"ಒತ್ತೇ ಹೆಬ್ಬೆಟ್ಟು. ಈ ಹೊಳೇಲಿ ಜೀವ ಇರೋ ಚಿಪ್ಪು ಕಂಡೇ ಇಲ್ಲ ಅಂತ ಐತೆ."

ತಿರುವಿನಲ್ಲಿ ಮರಳೆತ್ತುವ ಮಿಷನ್ನು ಕೊಳವೆ ಇಳಿಬಿಟ್ಟು ಕಾಯುತ್ತಿತ್ತು. ಖೆಂತಿ ಹೆಬ್ಬೆಟ್ಟಿಗೆ ಮಸಿ ಹಚ್ಚಿಕೊಂಡಳು. ನೋಡಿಕೊಂಡಳು. ಸೀರೆಗೆ ಒರೆಸಿ, ಸೀದಾ ತಿರುವಿನ ನೀರಿಗಿಳಿದಳು.

"ಏಯ್ ರಂಡೆ, ಎಲ್ಲಿಗೆ?"

ಎದೆಮಟ್ಟ ನೀರಿನಲ್ಲಿ ಮುಳುಗಿ ಎದ್ದಳು. ಬೊಗಸೆ ತುಂಬ ಕಪ್ಪು ಚಿಪ್ಪು, ನೀರು ಚಿಮ್ಮಿಸುತ್ತಿದ್ದವು. ಉದ್ದನೆಯವು, ದುಂಡನೆಯವು, ದಿದಿಮಣಿಯ ಯಾವ ಚೀಲಕ್ಕೂ ಸೇರದ ಏಣುಬೆನ್ನಿನವು.

"ಬರ್ಕೋ ದಿದಿಮಣಿ! ಇದನ್ನ ಉಳಿಸಿದ್ದು ನಾವು, ತಿನ್ನೋರೂ ನಾವು, ಎರಡೂ ಬರಿ. ಒಂದು ಬರೆದು ಒಂದು ಬಿಟ್ಯೋ, ನಿನ್ನ ಪುಸ್ತಕಾನೂ ಹೊಳೆಗೆ!"

ದಿದಿಮಣಿಯ ಪೆನ್ನು ಹಾಳೆಯ ಮೇಲೆ ನಿಂತೇ ಇತ್ತು. ಸಾಹೇಬ ಹೊಳೆಗೆ ಬೆನ್ನು ಹಾಕಿದ.

"ಶುರು ಮಾಡ್ರೋ ಮಿಷನ್ನು! ಸಾಯ್ಲಿ ಬೋಸುಡಿ!" ಪಾಂಜಾ ಕಿರುಚಿದ.

ಮಿಷನ್ನು ಗುಡುಗುಟ್ಟಿತು. ನೀರು ಕದಡಿತು, ತಳದ ಮರಳು ಕುಸಿದು ಖೆಂತಿಯ ಕೊರಳಮಟ್ಟಕ್ಕೆ ಬಂತು. ಅಂಗಾಲಿನಡಿ ಚಿಪ್ಪುಗಳು ಒಂದೊಂದಾಗಿ ಬಾಯಿ ಮುಚ್ಚಿಕೊಳ್ಳುವುದು ಅವಳಿಗೆ ತಿಳಿಯುತ್ತಿತ್ತು. ಅವಳು ಕಾಲೆತ್ತಲಿಲ್ಲ.