ಹದಿನೆಂಟು ಕುರಿ, ಒಂದೊಂದೇ ಕಿವಿ

ನಮ್ಮ ಯಗಟಿ ಕಡೆ ಕುರಿ ಸಾಕೋರಿಗೆ ಒಂದು ಪದ್ಧತಿ ಇದೆ ಕಣ್ರೀ. ಮರಿ ಇದ್ದಾಗ್ಲೇ ಕಿವಿ ಬುಡದಲ್ಲಿ, ಕೂದಲೊಳಗೆ, ಅಕ್ಕಿಕಾಳಷ್ಟು ಕಚ್ಚು ಹಾಕ್ತೀವಿ. ಅದು ಮನೆಯೋರಿಗೆ ಬಿಟ್ರೆ ಇನ್ಯಾರಿಗೂ ಗೊತ್ತಿರಲ್ಲ. ಕುರಿ ಕಳುವಾದ್ರೆ, ಅದು ಹತ್ತು ಜನರ ಮುಂದೆ ಬಂದು ನಿಲ್ಲೋ ತನಕ ಗುರುತಿನ ಬಗ್ಗೆ ಬಾಯಿ ಬಿಡಬಾರದು.

ನಾನು ಬಿಟ್ಟೆ. ನನ್ನ ನಾಲಿಗೆಗೆ ಬೆಂಕಿ ಬೀಳ!

ಸೋಮವಾರ ಕುರಿ ಕೂಡೋ ರೊಪ್ಪದಿಂದ ಹದಿನೆಂಟು ಕುರಿ ಕಳುವಾದ್ವು. ನಮಗಿದ್ದಿದ್ದೇ ಅಷ್ಟು. ಬುಧವಾರ ಬೀರೂರಿನಾಚೆ ಬೆನಕಪ್ಪನ ದೊಡ್ಡೀಲಿ ಕಂಡ್ವು. ಅವನು ಬೆಂಗಳೂರಿಗೆ ಲಾರಿಗಟ್ಟಲೆ ಕುರಿ ಕಳಿಸೋ ವ್ಯಾಪಾರಿ. ನಾನೂ ನನ್ನ ಗಂಡ ಈರಭದ್ರಪ್ಪನೂ ನೇರ ಸ್ಟೇಷನ್ನಿಗೆ ಹೋದ್ವಿ.

ಎಸ್ಐ ಸುದೀಪ್ ಸಾಹೇಬ ಕುರ್ಚಿ ಕೊಟ್ಟು ಕೂರಿಸಿದ. "ನಿಮ್ಮವೇ ಅನ್ನೋಕೆ ಏನಮ್ಮ ಗುರುತು?"

ನನ್ನ ಗಂಡ ಮೊಣಕೈಲಿ ತಿವಿದ. "ಸುಮ್ನಿರೇ ದುರ್ಗಿ" ಅಂದ. ನಾನು ಕೇಳ್ಲಿಲ್ಲ. ಪೊಲೀಸ್ರ ಹತ್ರಾನೂ ಮುಚ್ಚಿಡ್ತಾರಾ ಅಂತ, ಬಲಗಿವಿ ಬುಡದ ಕಚ್ಚು ನಾವೇ ಹಾಕಿದ್ದು ಅಂತ ಹೇಳಿ, ದೂರಿನಲ್ಲೂ ಬರೆಸಿ, ಹೆಬ್ಬೆಟ್ಟು ಒತ್ತಿ ಬಂದೆ. ಸಾಹೇಬನ ಹೊಸ ಬುಲೆಟ್ ಬೈಕು ಬೆನಕಪ್ಪ ಕೊಡಿಸಿದ್ದು ಅಂತ ಊರಿಗೆಲ್ಲ ಗೊತ್ತಿತ್ತಂತೆ. ನನಗೊಬ್ಬಳಿಗೇ ಗೊತ್ತಿರಲಿಲ್ಲ.

ಮಾರನೇ ದಿನ ಸಾಹೇಬನೇ ದೊಡ್ಡಿಗೆ ಕರ್ಕೊಂಡು ಹೋದ. ಅಯ್ಯೋ ಶಿವನೇ! ಹದಿನೆಂಟಕ್ಕೂ ಬಲಗಿವಿ ಬುಡಸಮೇತ ಇಲ್ಲ. ರಕ್ತ ಇನ್ನೂ ಹಸಿ, ನೊಣ ಮುತ್ತಿದ್ವು.

"ತೋರಿಸಮ್ಮ ಗುರುತು" ಅಂದ ಸಾಹೇಬ.

ಬೆನಕಪ್ಪ ಖರೀದಿ ರಸೀತಿ ಚಾಚಿ ನಕ್ಕ. "ವ್ಯಾಪಾರ ಅಂದ್ರೆ ಹಿಂಗೇ ಕಣಮ್ಮ. ಕಾಗದ ಇದ್ದೋನ್ದೇ ಮಾಲು."

"ನಿನ್ನೆ ನಿಮ್ಮೊಬ್ರಿಗೇ ಹೇಳಿದ್ದು ಸ್ವಾಮಿ! ಬೇಲಿನೇ ಎದ್ದು ಹೊಲ ಮೇಯ್ತಾ?" ಅಂತ ಕಿರುಚಿದೆ.

ಸಾಹೇಬನಿಗೆ ಸಿಟ್ಟೂ ಬರಲಿಲ್ಲ. ನನ್ನದೇ ದೂರು ತೆಗೆದು ಓದಿದ. "ಕಿವಿಗೆ ಕಚ್ಚು ಹಾಕಿದ್ದು ನಾವೇ ಅಂತ ನೀನೇ ಬರೆಸಿದೀಯ, ಅಂದ್ಮೇಲೆ ಕಿವಿ ಕತ್ತರಿಸಿದ್ದೂ ನೀವೇ. ಪ್ರಾಣಿ ಹಿಂಸೆ ಕೇಸು ಹಾಕ್ಲಾ ಗಂಡ ಹೆಂಡ್ತಿ ಇಬ್ರ ಮೇಲೂ? ಇಲ್ಲಾಂದ್ರೆ ಕುರಿ ನಮ್ಮವಲ್ಲ, ತಪ್ಪು ತಿಳ್ಕೊಂಡಿದ್ವಿ ಅಂತ ಬರ್ಕೊಟ್ಟು ಹೋಗಿ."

ಈರಭದ್ರಪ್ಪನಿಗೆ ಎರಡು ಸಲ ಎದೆನೋವು ಬಂದು ಹೋಗಿದೆ. ಅವನನ್ನ ಲಾಕಪ್ಪಿಗೆ ಕಳಿಸೋಕೆ ನನ್ನ ಕೈಲಾಗ್ಲಿಲ್ಲ. ಜೀಪಿನ ಬಾನೆಟ್ ಮೇಲೆ ಕಾಗದ ಇಟ್ಟು ಹೆಬ್ಬೆಟ್ಟು ಒತ್ತಿದೆ.

ಕುರಿಗಳನ್ನ ಲಾರಿಗೆ ಹತ್ತಿಸ್ತಿದ್ರು. "ಬಾರೋ, ಹೋಗಣ" ಅಂತ ಗಂಡನ್ನ ಕರೆದೆ ನೋಡಿ, ಆ ದನಿ ಕೇಳಿದ್ದೇ ಹದಿನೆಂಟೂ ಇದ್ದಲ್ಲೇ ನಿಂತು ನನ್ನ ಕಡೆ ತಿರುಗಿ ಅರಚೋಕೆ ಶುರು ಮಾಡಿದ್ವು. ಆಳುಗಳು ಎಷ್ಟು ತಳ್ಳಿದ್ರೂ ಹತ್ತಲಿಲ್ಲ.

ಸಾಹೇಬ ನನ್ನ ಮುಖ ನೋಡ್ದ. "ಏನಮ್ಮ, ನಿನ್ನವಾ?"

"ಅಲ್ಲ ಸ್ವಾಮಿ" ಅಂದೆ.