ತಿಮ್ಮಯ್ಯನ ಎಡೆಗೆ ಸುಟ್ಟ ಜೋಳ

ಮಹಾಲಯ ಅಮಾವಾಸ್ಯೆ ಬಂತೆಂದರೆ ರಾವಂದೂರು ಕಡೆಯ ನಮ್ಮ ಹಳ್ಳಿಯಲ್ಲಿ ಹಿರಿಯರಿಗೆ ಎಡೆ ಇಡದ ಮನೆ ಕಡಿಮೆ. ತೀರಿಹೋದವರ ಫೋಟೊ ಒರೆಸಿ, ಹೊಸ ಬಟ್ಟೆ ಇಟ್ಟು, ಬಾಳೆ ಎಲೆಯ ಮೇಲೆ ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸುತ್ತಾರೆ. ಒಳ್ಳೆಯ ಪದ್ಧತಿಯೇ, ಬೇಡ ಎನ್ನುವವಳು ನಾನಲ್ಲ. ಆದರೆ ಈಚೀಚೆಗೆ ಎಲೆಯ ಪಕ್ಕದಲ್ಲಿ ಬಾಟಲಿಯೂ ಬಂದು ಕೂರುತ್ತದೆ. ತಾತನಿಗೊಂದು ಕ್ವಾರ್ಟರ್, ಮಾವನಿಗೊಂದು ಕ್ವಾರ್ಟರ್. ಸತ್ತವರು ಬಂದು ಕುಡಿಯುತ್ತಾರೋ ಇಲ್ಲವೋ ಶಿವನೇ ಬಲ್ಲ. ಎಡೆ ಎತ್ತಿದ ಮೇಲೆ ಬದುಕಿರುವವರು ಕುಡಿಯುವುದನ್ನಂತೂ ನಾನು ಕಣ್ಣಾರೆ ನೋಡಿದ್ದೇನೆ.

ನನ್ನ ಹೆಸರು ನೀಲಾಂಬಿಕೆ. ಹಾಲಿನ ಡೈರಿ ಎದುರಿಗೆ ನನ್ನದೊಂದು ಚಿಲ್ಲರೆ ಅಂಗಡಿ ಇದೆ. ಬಾಯಿ ಸ್ವಲ್ಪ ಜೋರು ಎಂದು ಊರೆಲ್ಲ ಹೇಳುತ್ತದೆ, ಹೇಳಲಿ ಬಿಡಿ. ಇದು ನಮ್ಮ ಪಕ್ಕದ ಮನೆ ಚಾಮುಂಡಮ್ಮನ ಕಥೆ. "ನಾಕ್ ಜನಕ್ಕೆ ಏಳು ನೀಲಾ, ಇನ್ನೊಬ್ಬ ತಾಯಿ ಇಂಗ್ ಮಾಡ್ದೆ ಇರ್ಲಿ" ಎಂದು ಅವರೇ ಹೇಳಿದ್ದಕ್ಕೆ ಹೇಳುತ್ತಿದ್ದೇನೆ.

ಚಾಮುಂಡಮ್ಮನ ಗಂಡ ತಿಮ್ಮಯ್ಯ ಹೊಗೆಸೊಪ್ಪು ಬೆಳೆಯುತ್ತಿದ್ದವರು. ಬಿಸಿಗೆ ಸೊಪ್ಪು ಬೇಯಿಸಿ ಒಣಗಿಸುವ ಎತ್ತರದ ಕೋಣೆ, ಬ್ಯಾರನ್ನಿನಲ್ಲಿ ಹಗಲೂ ರಾತ್ರಿ ಬೆಂಕಿ ಆರಬಾರದು. ಒಲೆಯ ಮುಂದೆ ಕೂತವರಿಗೆ ಬೇಸರ ಕಳೆಯಲು ಎಂದು ಶುರುವಾದ ಕುಡಿತ ಆಮೇಲೆ ಒಲೆ ಆರಿದ ಮೇಲೂ ಆರಲಿಲ್ಲ. ಕೊನೆಗೆ ಲಿವರ್ ಕೆಟ್ಟು, ಕಣ್ಣು ಹಳದಿಯಾಗಿ, ಹೊಟ್ಟೆ ಊದಿ ತೀರಿಕೊಂಡರು. ಮಗ ನಟರಾಜು ಕುಡಿಯಲು ಕಲಿತದ್ದೂ ಅದೇ ಒಲೆಯ ಮುಂದೆ. ಅಪ್ಪನ ಸಾವು ನೋಡಿ ಹೆದರಿದ ಅವನು ಹೆಂಡತಿ ಸೌಂದರ್ಯಳ ಜೊತೆ ಮೈಸೂರಿನ ಆಸ್ಪತ್ರೆಗೆ ಹೋಗಿ, ಔಷಧಿ ತೆಗೆದುಕೊಂಡು, ಕುಡಿತ ಬಿಟ್ಟು ಬಂದ. ಮೈ ಕೈ ತುಂಬಿಕೊಂಡು ಎಷ್ಟು ಲಕ್ಷಣವಾಗಿ ಕಾಣುತ್ತಿದ್ದ ಗೊತ್ತೇ!

ಆಗ ಬಂತು ಹೋದ ವರ್ಷದ ಅಮಾವಾಸ್ಯೆ. ಗಂಡನ ಎಡೆಗೆ ಚಾಮುಂಡಮ್ಮ ಬ್ರಾಂದಿ ಇಟ್ಟರು. ಎಡೆ ಎತ್ತಿದ ಮೇಲೆ ತಿಮ್ಮಯ್ಯನ ತಮ್ಮ ನಂಜುಂಡಸ್ವಾಮಿ ಲೋಟಕ್ಕೆ ಬಗ್ಗಿಸಿ, "ಅಪ್ಪನ ಪ್ರಸಾದ ಕಣ್ಲಾ. ನಾಲ್ಗೆಗೆ ಮುಟ್ಟಿಸ್ಕೊ. ಇದನ್ನೂ ಕುಡಿಯಾದು ಅಂತಾರಾ?" ಎಂದು ನಟರಾಜುವಿನ ಕೈಗಿಟ್ಟ. ನಟರಾಜು ತಾಯಿಯ ಮುಖ ನೋಡಿದ.

"ತಗೊ ಮಗ, ನಿಮ್ಮಪ್ಪಂದು" ಎಂದರು ಚಾಮುಂಡಮ್ಮ.

ವಾರ ಕಳೆಯುವುದರೊಳಗೆ ಅವನು ಮತ್ತೆ ಹಳೆಯ ನಟರಾಜು. ಮೊದಲಿಗಿಂತ ಹೆಚ್ಚೇ ಕುಡಿದ. ಆಮೇಲೆ ನಾಚಿಕೆಯಾಗಿ, ಮಾದಪ್ಪನ ಮೇಲೆ ಆಣೆ ಇಟ್ಟು, ಯಾರಿಗೂ ಹೇಳದೆ ಒಂದೇ ಸಲಕ್ಕೆ ನಿಲ್ಲಿಸಿಬಿಟ್ಟ. ಒಳ್ಳೆಯದೇ ಆಯಿತಲ್ಲ ಎನ್ನುತ್ತೀರಿ. ಎರಡು ಮೂರು ದಿನದಲ್ಲಿ ಕೈಕಾಲು ನಡುಗಿ, ಬೆವರು ಕಿತ್ತುಕೊಂಡು ಬಂದು, ಗೋಡೆ ಮೇಲೆ ಇರುವೆ ಹರಿಯುತ್ತಿವೆ ಎಂದು ಕಿರುಚತೊಡಗಿದ. ಗಾಳಿ ಸೋಕಿದೆ ಎಂದುಕೊಂಡು ಚಿಕ್ಕಪ್ಪ ತಾಯತ ಕಟ್ಟಿಸಲು ಓಡಿದ. ಆಸ್ಪತ್ರೆ ಯಾರಿಗೂ ಹೊಳೆಯಲಿಲ್ಲ. ಬ್ಯಾರನ್ನಿನಲ್ಲಿ ಆ ವರ್ಷದ ಕೊನೆಯ ಸೊಪ್ಪು ಬೇಯುತ್ತಿತ್ತು. ಬೆಂಕಿ ಆರಬಾರದೆಂದು ಆ ನಡುಕದಲ್ಲೇ ಸೌದೆ ಒಡ್ಡಲು ಹೋದ ನಟರಾಜುವಿಗೆ ಒಲೆಯ ಬಾಯಲ್ಲೇ ಫಿಟ್ಸ್ ಬಂತು. ಬಿದ್ದ. ಬಲಗೈ ಕೆಂಡಕ್ಕೆ ಹೋಯಿತು.

ಜೀವ ಉಳಿಯಿತು. ಬಲಗೈ ಬೆರಳು ಮುರುಟಿಕೊಂಡವು. ಬೇಯಿಸುವ ಮುಂಚೆ ಕಡ್ಡಿಗೆ ಸೊಪ್ಪು ಕಟ್ಟುವುದರಲ್ಲಿ ಅವನಷ್ಟು ಚುರುಕು ಕೈ ನಮ್ಮೂರಲ್ಲೇ ಇರಲಿಲ್ಲ. ಈಗ ಅನ್ನ ಕಲಸಲೂ ಎಡಗೈಯೇ.

ಆಮೇಲೆ ಅವನಿಗೆ ಆಸರೆಯಾಗಿ ನಿಂತವನು ಚೆಲುವರಾಜು. ನಮ್ಮೂರವನೇ, ಆಟೋ ಓಡಿಸುತ್ತಾನೆ, ಚಾಮುಂಡಮ್ಮನನ್ನು ದೊಡ್ಡವ್ವ ಎಂದೇ ಕರೆಯುತ್ತಾನೆ. ಅವನೂ ಒಂದು ಕಾಲದಲ್ಲಿ ಕುಡಿದು ಚರಂಡಿಯಲ್ಲಿ ಬಿದ್ದಿರುತ್ತಿದ್ದವನೇ, ಈಗ ಬಿಟ್ಟಿದ್ದಾನೆ. ಭಾನುವಾರ ಭಾನುವಾರ ಸಮುದಾಯ ಭವನದಲ್ಲಿ ಬಿಟ್ಟವರನ್ನೂ ಬಿಡಬೇಕು ಎನ್ನುವವರನ್ನೂ ಕೂರಿಸಿಕೊಂಡು ಮಾತಾಡುತ್ತಾನೆ. ಮನೆಯವರೂ ಬರುತ್ತಾರೆ. ಟೀ, ಬಿಸ್ಕತ್ತು, ಕಷ್ಟಸುಖ. ನಟರಾಜು ಡಾಕ್ಟರ ಮಾತ್ರೆಯನ್ನೂ ತಪ್ಪಿಸಲಿಲ್ಲ, ಆ ಭಾನುವಾರಗಳನ್ನೂ ತಪ್ಪಿಸಲಿಲ್ಲ. ಮತ್ತೆ ಚೇತರಿಸಿಕೊಂಡ.

ಅಷ್ಟರಲ್ಲಿ ಮತ್ತೆ ಅಮಾವಾಸ್ಯೆ ಬಂತು. ಹಿಂದಿನ ದಿನ ಚೆಲುವರಾಜು ನನ್ನ ಅಂಗಡಿಯಲ್ಲಿ ಬಿಸ್ಕತ್ತು ಕಟ್ಟಿಸಿಕೊಳ್ಳುತ್ತಿದ್ದ. ಕರ್ಪೂರ, ಊದಿನಕಡ್ಡಿಗೆಂದು ಚಾಮುಂಡಮ್ಮ ಬಂದರು.

"ಚೆಲುವ, ಪಿರಿಯಾಪಟ್ನಕ್ಕೆ ಓಯ್ತಿಯೇನಪ್ಪ? ಬರೋವಾಗ ಒಂದ್ ಕ್ವಾರ್ಟ್ರು ತಗಬಾ. ನಿಮ್ ದೊಡ್ಡಪ್ಪನ ಎಡೆಗೆ."

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ಚಾಮುಂಡಕ್ಕ, ಕೇಳಾಕ್ಕೆ ಇವನೇ ಸಿಕ್ಕಿದ್ನಾ ನಿಮ್ಗೆ? ಓದ್ ವರ್ಸ ಆದದ್ದು ಸಾಲದಾ?" ಎಂದೆ.

"ನೀನ್ ಸುಮ್ಕಿರು ನೀಲಾ. ನಿಮ್ಮೋರಲ್ಲಿ ಇಂಗ್ ಎಡೆ ಇಲ್ಲ, ನಿನ್ಗೇನ್ ಗೊತ್ತು? ಅವ್ರ್ಗೆ ಇಷ್ಟವಾದ್ದು ಇಡ್ದಿದ್ರೆ ಸಿಟ್ ಮಾಡ್ಕೊಂಡ್ ಓಯ್ತಾರೆ. ಮನೆಗೆ ಒಳ್ಳೇದಾಗಲ್ಲ. ನಮ್ ನಟ ಮುಟ್ದೆ ಇದ್ರಾಯ್ತು."

ಚೆಲುವರಾಜು ಬಿಸ್ಕತ್ತಿನ ಪೊಟ್ಟಣ ಪಕ್ಕಕ್ಕಿಟ್ಟ.

"ದೊಡ್ಡವ್ವ, ಕುಡಿಯಾದು ಒಂದ್ ಕಾಯ್ಲೆ ಕಣವ್ವ. ಬುಟ್ ಮೇಲೂ ಒಳ್ಗೇ ಇರ್ತದೆ. ಬುಟ್ಟೋನ್ಗೆ ಒಂದ್ ಗುಟ್ಕು ಸಾಕು, ಪೂರ್ತಿ ಎಳ್ಕೊಂಡ್ ಓಯ್ತದೆ. ಮುಟ್ದೆ ಇರು ಅಂತ ಮೂಗಿನ್ ಮುಂದೆ ಇಟ್ರೆ ಎಂಗೆ? ಆ ವಾಸ್ನೆ ಬಂದ್ರೆ ಇವತ್ತೂ ನಾನೇ ಆಟೋ ತಿರುಗ್ಸ್ಕೊಂಡ್ ಓಯ್ತೀನಿ."

"ಗಟ್ಟಿ ಮನ್ಸಿದ್ರೆ ಏನೂ ಆಗಲ್ಲ ಬುಡು."

"ಮನ್ಸು ಗಟ್ಟಿ ಇದ್ದದ್ಕೇ ಅಲ್ವೇನವ್ವ ಆಣೆ ಇಟ್ಟು ಒಂದೇ ಸಲ ನಿಲ್ಸಿದ್ದು? ದಿನಾ ಕುಡಿಯೋ ಮೈ ಅದನ್ನ ತಡ್ಕೊಳ್ಳಲ್ಲ. ಡಾಕ್ಟ್ರಿಗೆ ತೋರ್ಸಿ, ಮಾತ್ರೆ ತಗೊಂಡು ಬುಡ್ಬೇಕು. ಅದು ಗಾಳಿ ಅಲ್ಲ. ಅವತ್ತೇ ಆಸ್ಪತ್ರೆಗೆ ಓಗಿದ್ರೆ ಕೈ ಉಳೀತಿತ್ತು."

ಅವನು ದನಿ ತಗ್ಗಿಸಿ ಕೇಳಿದ: "ನಿಜವಾಗ್ಲೂ ದೊಡ್ಡಪ್ಪಂಗೆ ಏನಿಷ್ಟ ಇತ್ತವ್ವ?"

"ಬ್ರಾಂದಿ. ಬೀಡಿ. ಬೋಟಿ ಗೊಜ್ಜು, ಕಾರ ಆಕಿ. ಉರ್ದ ಮೀನು."

"ಅವೆಲ್ಲ ಕುಡಿಯೋವಾಗ ನಂಚ್ಕೊಳ್ಳಾವು. ಕುಡಿಯಾಕ್ ಕಲಿಯಾಕೂ ಮುಂಚೆ ಏನಿಷ್ಟ ಇತ್ತು?"

ಚಾಮುಂಡಮ್ಮ ಅಂಗಡಿಯ ಜಗಲಿ ಮೇಲೆ ಕೂತರು. ಅಷ್ಟು ಕಾಲ ಜೊತೆಗೆ ಬಾಳಿದ ಗಂಡ, ಅವರಿಗೆ ಏನಿಷ್ಟ ಎಂದರೆ ನೆನಪಿಗೆ ಬರುವುದೆಲ್ಲ ಬಾಟಲಿಯ ಸುತ್ತಲಿನದೇ. ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತರು. ನಾನು ನೀರು ಕೊಟ್ಟೆ. ಗಿರಾಕಿಗಳು ಬಂದರು, ಹೋದರು.

"ಜೋಳ" ಎಂದರು ಕೊನೆಗೆ. "ಮುಸುಕಿನ್ ಜೋಳ. ಮದ್ವೆ ಆದ್ ವರ್ಸ, ಬ್ಯಾರನ್ ಕೆಂಡದಲ್ಲಿ ಸುಟ್ಟು, ಉಪ್ಪು ಸವ್ರಿ, ಟವಲ್ನಲ್ಲಿ ಸುತ್ಕೊಂಡ್ ಬರೋರು. ಅತ್ತೆಗೆ ಕಾಣ್ದಂಗೆ ನನ್ಗೆ ಕೊಡೋರು. ಅಯ್ಯೋ ಶಿವನೇ, ಆ ಮನ್ಸನ್ನ ನಾನೇ ಮರ್ತೋಗಿದ್ನಲ್ಲವ್ವ!"

ಆಮೇಲೆ ನನ್ನ ಕೈ ಹಿಡಿದು ಹೇಳಿದ ಮಾತು ಇವತ್ತೂ ನನ್ನ ಕಿವಿಯಲ್ಲಿದೆ. "ಓದ್ ವರ್ಸ ನಟ ಲೋಟ ಇಡ್ಕೊಂಡು ನನ್ ಮಕ ನೋಡ್ದ ನೀಲಾ. ಅವ್ವ ಬ್ಯಾಡ ಅಂತಾಳೇನೋ ಅಂತ ಕಾದ. ನಾನ್ ಬ್ಯಾಡ ಅನ್ನಲಿಲ್ಲ."

ಮಾರನೆಯ ದಿನ ಎಡೆಗೆ ನನ್ನನ್ನೂ ಕರೆದರು. ಚೆಲುವರಾಜುವೂ ಬಂದಿದ್ದ. ಎಲೆಯ ಮೇಲೆ ಅನ್ನ, ಸಾರು, ಕಜ್ಜಾಯ, ವಡೆ. ಪಕ್ಕದಲ್ಲಿ ಸುಟ್ಟ ಜೋಳ. ಅದನ್ನು ಸುಟ್ಟವನು ನಟರಾಜು. ಅದೇ ಬ್ಯಾರನ್ನಿನ ಒಲೆಯ ಬಾಯಿಗೆ ಎಡಗೈಯಲ್ಲಿ ಇಕ್ಕಳ ಹಿಡಿದು ಹೋಗಿದ್ದ. ಸೌಂದರ್ಯ ಎದೆ ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದಳಂತೆ.

ಪೂಜೆ ಮುಗಿಯಿತು. ನಂಜುಂಡಸ್ವಾಮಿ ಕೆಟ್ಟವನೇನಲ್ಲ, ಅಣ್ಣನ ಮೇಲೆ ಪ್ರಾಣ. ಟವಲಿನೊಳಗಿಂದ ಬಾಟಲಿ ತೆಗೆದ. "ಏನತ್ಗೆ, ಅಣ್ಣಂದೇ ಮರ್ತ್ಬುಟ್ರಲ್ಲ! ನಾನ್ ತಂದಿವ್ನಿ ಬುಡಿ" ಎಂದು ಮುಚ್ಚಳ ತಿರುಗಿಸಿಯೇಬಿಟ್ಟ.

ವಾಸನೆ ಮನೆಯೆಲ್ಲ ಹರಡಿತು. ನಟರಾಜು ಮುರುಟಿದ ಕೈಯನ್ನು ಎಡಗೈಯಲ್ಲಿ ಬಿಗಿಯಾಗಿ ಹಿಡಿದುಕೊಂಡ. ತಾಯಿಯ ಮುಖ ನೋಡಿದ.

"ಬ್ಯಾಡ" ಎಂದರು ಚಾಮುಂಡಮ್ಮ.

"ಅತ್ಗೆ, ಸಾಸ್ತ್ರಕ್ಕೆ..."

"ಬ್ಯಾಡ ಅಂದ್ನಲ್ಲ ನಂಜುಂಡ! ನಿಮ್ಮಣ್ಣ ಬದ್ಕಿದ್ದಾಗ ಕೊಟ್ಟಿದ್ದು ಸಾಕು. ಅವ್ರ್ನ ಕಳ್ಕೊಂಡಿವ್ನಿ. ಇವನ್ ಕೈ ತಿಂದಿವ್ನಿ. ತಗೊಂಡೋಗು, ಈ ಒಸ್ಲು ದಾಟ್ಸು."

ಚೆಲುವರಾಜು ಎದ್ದು, ಜಗಳ ಮಾಡದೆ, ನಂಜುಂಡಸ್ವಾಮಿಯ ಹೆಗಲ ಮೇಲೆ ಕೈ ಹಾಕಿ ಹೊರಗೆ ಕರೆದುಕೊಂಡು ಹೋದ. ಬಾಟಲಿಯೂ ಹೋಯಿತು.

ಚಾಮುಂಡಮ್ಮ ಮಗನ ಪಕ್ಕ ಕೂತು ಆ ಮುರುಟಿದ ಬೆರಳುಗಳನ್ನು ಸವರಿದರು. "ಓದ್ ವರ್ಸಾನೇ ಈ ಮಾತು ಅಂದಿದ್ರೆ ನಿನ್ ಕೈ ಉಳೀತಿತ್ತು ಮಗ."

"ಈ ವರ್ಸ ಅಂದ್ಯಲ್ಲವ್ವ, ಬುಡು" ಎಂದ ನಟರಾಜು. ಎಲೆಯಿಂದ ಜೋಳ ತೆಗೆದು ತಾಯಿಯ ಕೈಗೆ ಕೊಟ್ಟ. ಚಾಮುಂಡಮ್ಮ ಗಂಡನ ಫೋಟೊ ನೋಡುತ್ತಾ ಬಿಡಿಸಿ ಬಿಡಿಸಿ ತಿಂದರು.

ಓದುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಹುಣಸೂರಿರಲಿ, ಎಚ್.ಡಿ. ಕೋಟೆ ಕಡೆಯಿರಲಿ, ನಮ್ಮೆಲ್ಲರ ಮನೆಯ ಪಾಡೂ ಒಂದೇ. ಕುಡಿತ ಬಿಟ್ಟವನಿಗೆ ಹಬ್ಬ, ತಿಥಿ, ಮದುವೆ ಎಂದು ಒಂದು ಗುಟುಕೂ ಕೊಡಬೇಡಿ. ದಿನಾ ಕುಡಿಯುವವರನ್ನು ಮನೆಯಲ್ಲಿ ಕೂಡಿಹಾಕಿ, ಆಣೆ ಹಾಕಿಸಿ ತಟ್ಟನೆ ನಿಲ್ಲಿಸಲು ಹೋಗಬೇಡಿ, ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗಿ. ನಡುಕ, ಫಿಟ್ಸ್, ಇಲ್ಲದ್ದು ಕಾಣುವುದು ಶುರುವಾದರೆ ಒಂದು ಗಳಿಗೆಯೂ ಕಾಯಬೇಡಿ, 108ಕ್ಕೆ ಫೋನ್ ಮಾಡಿ. ಮನಸ್ಸಿನ ಭಾರ ಹೇಳಿಕೊಳ್ಳಲು, ಎಲ್ಲಿಗೆ ಹೋಗಬೇಕೆಂದು ಕೇಳಲು ಟೆಲಿ ಮಾನಸ್ 14416 ಇದೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ. ನಿಮ್ಮೂರಲ್ಲಿ ಬಿಟ್ಟವರು ಒಬ್ಬರಿದ್ದರೂ ಸಾಕು, ವಾರಕ್ಕೊಮ್ಮೆ ಜೊತೆಗೆ ಕೂರಿ. ಮತ್ತೆ ಜಾರಿದವನನ್ನು ಬೈದು ಅಟ್ಟಬೇಡಿ, ಮತ್ತೆ ಕರೆದುಕೊಂಡು ಬನ್ನಿ.

ಇವತ್ತು ನಿಮ್ಮ ಮನೆಯಲ್ಲೂ ಒಬ್ಬರು ಲೋಟ ಹಿಡಿದು ನಿಮ್ಮ ಮುಖ ನೋಡುತ್ತಿರಬಹುದು. ಚಾಮುಂಡಮ್ಮನ ಹಾಗೆ ಒಂದು ವರ್ಷ ತಡ ಮಾಡಬೇಡಿ. ಬೇಡ ಎನ್ನಿ.