ನಡುಹೊಳೆಯ ಬಂಡೆ

ಕೊಪ್ಪಳದ ಅರಿವೆ ವ್ಯಾಪಾರಿಯ ಮನೆಗೆ ಸೊಸೆಯಾಗಿ ಬಂದ ಮೇಲೆ ಶಿವಬಸಮ್ಮ ತವರಿನ ಮುಖ ಕಂಡಿರಲಿಲ್ಲ. ಮದುವೆಯ ಊಟದಲ್ಲಿ ವರನ ಸೋದರಮಾವನನ್ನು ಎರಡನೇ ಪಂಕ್ತಿಗೆ ಕೂಡ್ರಿಸಿದರೆಂದು ಅತ್ತೆ ಮಾಳವ್ವ ಬೀಗರ ಹೊಸ್ತಿಲು ತುಳಿಯುವುದಿಲ್ಲ, ಸೊಸೆಯನ್ನೂ ಕಳಿಸುವುದಿಲ್ಲ ಎಂದು ಹಟ ಹಿಡಿದಿದ್ದಳು. ಗಂಡ ದೇವೇಂದ್ರಪ್ಪ ತಾಯಿಯ ಮಾತು ಮೀರುವವನಲ್ಲ.

ಮಿರಗದ ಮಳೆ ಹಿಡಿಯುವ ಹೊತ್ತಿಗೆ ಸೊಲ್ಲಾಪುರದಿಂದ ಬಂದ ನೆಂಟರು ಹಳೇ ರಾಜರ ಊರು ಆನೆಗೊಂದಿ ನೋಡಬೇಕೆಂದರು. ಶಿವಬಸಮ್ಮನ ತವರು ಅದೇ ಊರು.

"ಬುತ್ತಿ ಹೊರಾಕ ನೀನೂ ಬಾ," ಎಂದಳು ಮಾಳವ್ವ. "ಗುಡಿ, ಕ್ವಾಟಿ ನೋಡೂದು, ತಿರುಗಿ ಬರೂದು. ಆ ಓಣಿ ಕಡಿ ಹೊಳ್ಳಿ ನೋಡಬ್ಯಾಡ."

ದೇವೇಂದ್ರಪ್ಪನನ್ನು ಅಂಗಡಿ ನೋಡಿಕೊಳ್ಳಲು ಬಿಟ್ಟು ರೈಲಿನಲ್ಲಿ ಹೊಸಪೇಟೆಗೆ ಹೋಗಿ, ಅಲ್ಲಿಂದ ಗಾಡಿ ಕಟ್ಟಿಸಿಕೊಂಡು ಹೊಳೆದಂಡೆಯ ತಳವಾರಘಟ್ಟಕ್ಕೆ ಬಂದರು. ನೆಂಟರ ಹರಗೋಲು ಮೊದಲು ದಾಟಿತು. ಅತ್ತೆ ಸೊಸೆ ಕೂತ ಹರಗೋಲು ನಡುಹೊಳೆಗೆ ಬಂದಾಗ ನೀರಿನ ಬಣ್ಣ ಕೆಂಪಾಯಿತು. ಹುಟ್ಟು ಹಾಕುತ್ತಿದ್ದ ರಾಜಾಸಾಬ, "ಮ್ಯಾಲಿಂದ ಹೊಳಿ ಬಂತ್ರೀ, ಗಟ್ಟಿ ಹಿಡ್ಕೋರಿ!" ಎಂದು ಕೂಗಿದ. ಹರಗೋಲು ಗಿರಗಿರ ತಿರುಗಿ ಬಂಡೆಗೆ ಬಡಿದು ಅದರ ತೊಗಲು ಹರಿಯಿತು. ಮೂವರೂ ಹೇಗೋ ಬಂಡೆ ಹತ್ತಿದರು.

ನೀರು ಏರುತ್ತಲೇ ಇತ್ತು. ಮಾಳವ್ವ ಸೊಸೆಯ ರಟ್ಟೆಯನ್ನು ಉಗುರು ನೆಡುವಂತೆ ಹಿಡಿದಿದ್ದಳು. ಆನೆಗೊಂದಿಯ ದಂಡೆಯಲ್ಲಿ ಜನ ಸೇರಿದರು. ಅವರ ನಡುವೆ ಸೆರಗು ಬೀಸುತ್ತಿದ್ದವಳು ತನ್ನ ತಾಯಿ ವಿರೂಪಾಕ್ಷಮ್ಮ ಎಂದು ಶಿವಬಸಮ್ಮನಿಗೆ ಗೊತ್ತಾಯಿತು.

"ಅವ್ವಾ!"

"ಒದರಬ್ಯಾಡ," ಎಂದಳು ಮಾಳವ್ವ, ನಡುಗುತ್ತಲೇ.

ಸತ್ತರೂ ಇವಳ ಕೈಯೊಳಗೇ ಸಾಯಬೇಕಲ್ಲ ಎನ್ನಿಸಿತು ಶಿವಬಸಮ್ಮನಿಗೆ.

ಇಳಿಹೊತ್ತಿಗೆ ಅಂಬಿಗರು ಹಗ್ಗ ಕಟ್ಟಿದ ಹರಗೋಲನ್ನು ಮೇಲಿನಿಂದ ತೇಲಿಬಿಟ್ಟು ಮೂವರನ್ನೂ ಆನೆಗೊಂದಿಯ ದಂಡೆಗೆ ಎಳೆದುಕೊಂಡರು. ಹೊಳೆ ಇಳಿಯುವವರೆಗೆ ಹಿಂದಿರುಗುವಂತಿರಲಿಲ್ಲ; ಗಂಗಾವತಿಯ ಗಾಡಿದಾರಿಯೂ ಮಳೆಗೆ ಕೆಸರಾಗಿತ್ತು. ಆದರೂ ಮಾಳವ್ವ ಬೀಗರ ಮನೆಗೆ ಬರಲೊಲ್ಲೆನೆಂದು ಗುಡಿಯ ಕಟ್ಟೆಯ ಮೇಲೆ ಕೂತಳು. ಪಕ್ಕದಲ್ಲಿ ಸೊಸೆಯನ್ನೂ ಕೂಡ್ರಿಸಿಕೊಂಡಳು. ಶಿವಬಸಮ್ಮನ ಸೀರೆಯಿಂದ ನೀರು ಸೋರುತ್ತಿತ್ತು, ಹಲ್ಲು ಕಟಕಟ ಎನ್ನುತ್ತಿದ್ದವು. ತವರುಮನೆಯ ಬಾಗಿಲು ಅಲ್ಲಿಂದ ಕಾಣುತ್ತಿತ್ತು.

ವಿರೂಪಾಕ್ಷಮ್ಮ ಒಣ ಸೀರೆ ತಂದು ಕೆಳಗೆ ನಿಂತಳು. "ಯವ್ವಾ, ಬೇಡ್ಕೋತೀನಿ, ಮೈ ಒರಿಸ್ಕೊಂಡು ಒಂದ್ ತುತ್ತು ಉಣ್ಣಲಿ. ನೀವೂ ಬರ್ರಿ."

"ನಮ್ಮ ಸೊಸಿಗೆ ನಿಮ್ಮ ಸೀರಿ ಬ್ಯಾಡ."

ಶಿವಬಸಮ್ಮ ಎದ್ದಳು.

"ಈ ಕಟ್ಟಿ ಇಳದಿ ಅಂದ್ರ ನಮ್ಮನಿಗೆ ಬರಬ್ಯಾಡ ನೋಡು," ಎಂದಳು ಮಾಳವ್ವ.

"ಥಂಡಿ ಹತ್ತೈತ್ರಿ ನನಗ," ಎಂದಷ್ಟೇ ಹೇಳಿ ಶಿವಬಸಮ್ಮ ಇಳಿದಳು. ತಾಯಿ ಹೊದಿಸಿದ ಸೀರೆಯೊಳಗೆ ಮುಖ ಮುಚ್ಚಿಕೊಂಡು ನಡೆದಳು.

ಅಲ್ಲಿಯವರೆಗೆ ಗುಡಿಯಲ್ಲೇ ಉಳಿದ ಮಾಳವ್ವ ಹೊಳೆ ಇಳಿದಾಗ ನೆಂಟರೊಂದಿಗೆ ಕೊಪ್ಪಳಕ್ಕೆ ಹೋದಳು. ಶ್ರಾವಣದಲ್ಲಿ ದೇವೇಂದ್ರಪ್ಪ ಹೆಂಡತಿಯನ್ನು ಕರೆದೊಯ್ಯಲು ಬಂದು ಪಡಸಾಲೆಯಲ್ಲಿ ತಲೆ ತಗ್ಗಿಸಿ ಕೂತ.

"ವರ್ಷಕ್ಕೊಮ್ಮೆ ತವರಿಗೆ ಕಳಸ್ತೀರೇನು?" ಎಂದು ಕೇಳಿದಳು ಶಿವಬಸಮ್ಮ.

"ಅವ್ವನ್ನ ಕೇಳಬೇಕು."

"ಹಂಗಾರ ಕೇಳಿ ಬರ್ರಿ. ಅಲ್ಲೀತನ ನಾ ಇಲ್ಲೇ ಇರ್ತೀನಿ."

ಅವನು ಹೋದ. ಓಣಿಯವರು ಆಡಿಕೊಂಡರು. ತಂದೆಯೂ ಒಂದೊಂದು ದಿನ ಮಾತಾಡದೆ ಊಟಕ್ಕೆ ಕೂಡುತ್ತಿದ್ದ. ತವರಿನ ಗೋಡೆಗಳೂ ಶಿವಬಸಮ್ಮನಿಗೆ ಇಕ್ಕಟ್ಟಾಗತೊಡಗಿದವು.

ದೀಪಾವಳಿ ಕಳೆದ ಮೇಲೆ ಗಂಗಾವತಿಯ ದಾರಿಯಿಂದ ಒಂದು ಗಾಡಿ ಬಂದು ಬಾಗಿಲಲ್ಲಿ ನಿಂತಿತು. ದೇವೇಂದ್ರಪ್ಪ ಇಳಿದ.

"ಕೇಳಿದ್ರೇನು?" ಎಂದಳು ಅವಳು.

"ಇಲ್ಲ," ಎಂದ. "ಕೇಳದನ ಬಂದೀನಿ. ವರ್ಷಕ್ಕೊಮ್ಮೆ ನಾನ ಕರ್ಕೊಂಡು ಬರ್ತೀನಿ."